ಹೀರೋ ಪೆನ್ನಿನ ಕುಲಗೋತ್ರ

ಪೇಟೆ ಬೀದಿಯಲ್ಲಿ ಈಗ 'ಚೈನಾ ಮಾಲು' ಅಂದರೆ ಬೈಗುಳ. ಮುಟ್ಟಿದರೆ ಮುರಿಯುವ ಟಾರ್ಚಿಗೂ ಒಂದೇ ಮಳೆಗೆ ಬಾಯಿ ಬಿಡುವ ಚಪ್ಪಲಿಗೂ ಮಾತು ಕೊಟ್ಟು ಕೈಕೊಡುವ ಮನುಷ್ಯನಿಗೂ ಜನ ಇದೇ ಹೆಸರಿಡುತ್ತಾರೆ. ಆದರೆ ನಮ್ಮ ಅಪ್ಪಂದಿರು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲಕ್ಕೆ ಅದೇ ಚೀನಾದ ಒಂದು ಸಾಮಾನು ಊರ ಗೌಡರ ಜೇಬಿನಲ್ಲಿ, ಹೆಡ್‌ಮಾಸ್ತರರ ಜೇಬಿನಲ್ಲಿ, ತಾಲ್ಲೂಕು ಕಚೇರಿಯ ಗುಮಾಸ್ತರ ಜೇಬಿನಲ್ಲಿ ಮಿಂಚುತ್ತಿತ್ತು. ಅದು ಹೀರೋ ಪೆನ್ನು. ಎಸ್ಸೆಸ್ಸೆಲ್ಸಿ ಪಾಸಾದರೆ ಹೀರೋ ಪೆನ್ನು ಕೊಡಿಸ್ತೀನಿ ಅನ್ನುವುದು ಆಗ ಸಣ್ಣ ಮಾತಲ್ಲ. ಆ ಮಾತನ್ನು ಆಡುವ ಶಕ್ತಿ ಇದ್ದ ಮನೆಗಳು ನಮ್ಮ ಕೇರಿಯಲ್ಲಿ ಇರಲಿಲ್ಲ, ಅದು ಬೇರೆ ಮಾತು.

ಈಗ ನಮ್ಮ ಕೈಗೆ ಆ ಪೆನ್ನು ಬಂದಿದೆ. ಡಿಗ್ರಿ ಮುಗಿಸಿದ ನಮ್ಮ ನಾಲ್ಕೈದು ಜನ ಗೆಳೆಯರ ನಡುವೆ ಎರಡು ಹೀರೋ 616, ಒಂದು ವಿಂಗ್ ಸಂಗ್ 601, ಎರಡು ಜಿನ್‌ಹಾವ್ ಇವೆ. ಎಲ್ಲವೂ ಒಂದೊಂದು ದಿನದ ಕೂಲಿಯೊಳಗೆ ಬಂದಂಥವು. 2024-25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು, ಆ ಲೆಕ್ಕದಲ್ಲಿ ಹೇಳುತ್ತಿದ್ದೇವೆ. ಈ ಪೆನ್ನನ್ನು ಕಂಡವರು ತಕ್ಷಣ ಹೇಳುವ ಮಾತು ಒಂದೇ: "ಇದು ಪಾರ್ಕರಿನ ನಕಲು ಕಣ್ರೀ." ನಕಲು ಅನ್ನುವ ಮಾತು ನಮಗೆ ಹೊಸದಲ್ಲ. ಇಸ್ತ್ರಿ ಶರ್ಟು ಹಾಕಿದರೆ ನಕಲು, ಪುಸ್ತಕದ ಕನ್ನಡ ಆಡಿದರೆ ನಕಲು, ಕವನ ಬರೆದರೆ ಯಾರದೋ ನಕಲು. ನಮ್ಮ ಕುಲಗೋತ್ರವನ್ನಂತೂ ಬಸ್ಸಿನಲ್ಲಿ ಪಕ್ಕ ಕೂತವನಿಂದ ಹಿಡಿದು ಬಾಡಿಗೆ ಮನೆಯ ಮಾಲೀಕನವರೆಗೂ ಎಲ್ಲರೂ ಕೇಳಿದ್ದಾರೆ. ಈ ಸಲ ನಾವೇ ಈ ಪೆನ್ನಿನ ಕುಲಗೋತ್ರ ಕೇಳೋಣ ಅಂತ ಹೊರಟೆವು.

ಚೀನಾದಲ್ಲಿ ಎರಡು ಸಾವಿರ ವರ್ಷಕ್ಕೂ ಮಿಗಿಲಾಗಿ ಬರಹ ಅಂದರೆ ಕುಂಚದ ಬರಹ. ಕುಂಚ, ಮಸಿಕಡ್ಡಿ, ಮಸಿ ತೇಯುವ ಕಲ್ಲು, ಕಾಗದ, ಇವು ಪಂಡಿತನ ಕೋಣೆಯ ನಾಲ್ಕು ನಿಧಿಗಳು ಅನ್ನಿಸಿಕೊಂಡಿದ್ದವು. ಆ ಮಸಿಕಡ್ಡಿಯನ್ನು ಏನರಿಂದ ಮಾಡುತ್ತಿದ್ದರು ಅಂತ ಕೇಳಿ. ಪೈನ್ ಮರ ಸುಟ್ಟ ಕಾಡಿಗೆಗೆ ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ತೆಗೆದ ಅಂಟನ್ನು ಕಲೆಸಿ, ಕುಟ್ಟಿ, ಅಚ್ಚಿಗೆ ಹಾಕಿ ಒಣಗಿಸುತ್ತಿದ್ದರು. ಕುಂಚದ ತುದಿಗೆ ಆಡಿನ ಕೂದಲು. ಅಂದರೆ ಪಂಡಿತ ಬರೆದ ಒಂದೊಂದು ಅಕ್ಷರದ ಹಿಂದೆಯೂ ಚರ್ಮ ಸುಲಿದವನ ಕೈ, ಮೂಳೆ ಆಯ್ದವನ ಕೈ, ಅಂಟು ಬೇಯಿಸುವ ಒಲೆಯ ಮುಂದೆ ನಾತ ಕುಡಿದವನ ಕೈ ಇದೆ. ಪಂಡಿತನ ಹೆಸರು ಉಳಿಯಿತು. ಅಂಟು ಬೇಯಿಸಿದವನು ಅಂಟಿನ ಜೊತೆಗೇ ಕರಗಿಹೋದ.

ಆ ದೇಶದಲ್ಲಿ ದೊಡ್ಡ ಅಧಿಕಾರಕ್ಕೆ ಹೋಗುವ ರಾಜಮಾರ್ಗ ಸಾಮ್ರಾಜ್ಯದ ಪರೀಕ್ಷೆ. ಕುಂಚ ಹಿಡಿದು ಬರೆಯಬೇಕು, ಹಳೆಯ ಗ್ರಂಥಗಳು ಬಾಯಿಗೆ ಬರಬೇಕು. ಕಾಗದದ ಮೇಲೆ ಅದು ರೈತನ ಮಗನಿಗೂ ತೆರೆದಿತ್ತು. ಆದರೆ ಗದ್ದೆಯಲ್ಲಿ ಬಗ್ಗಿದ ಹುಡುಗನಿಗೆ ಹತ್ತಾರು ವರ್ಷ ಕೂತು ಬಾಯಿಪಾಠ ಮಾಡಲು ಯಾರು ಅನ್ನ ಹಾಕುತ್ತಾರೆ? ಹೆಂಗಸರಿಗೆ ಬಾಗಿಲೇ ಇರಲಿಲ್ಲ. ಇದರ ಜೊತೆಗೆ 'ಹೀನ ಜನ' ಅಂತ ದಾಖಲೆಯಲ್ಲೇ ಬರೆದಿಟ್ಟ ಕೆಲವರಿದ್ದರು: ಗುಲಾಮರು, ಹಾಡಿ ಕುಣಿಯುವವರು, ಕಚೇರಿಯ ಕೆಳ ಆಳುಗಳು, ದೋಣಿಯಲ್ಲೇ ಬದುಕುವವರು, ಝೆಜಿಯಾಂಗ್ ಪ್ರಾಂತ್ಯದ 'ಡುವೊಮಿನ್', ಅಂದರೆ ಬಿದ್ದವರು. ಇವರು ಪರೀಕ್ಷೆಗೆ ಕೂರುವಂತಿರಲಿಲ್ಲ. 1723ರಿಂದಾಚೆಗೆ ಯೋಂಗ್‌ಝೆಂಗ್ ಚಕ್ರವರ್ತಿ ಇವರಲ್ಲಿ ಹಲವರನ್ನು ಹೀನ ಪಟ್ಟಿಯಿಂದ ಬಿಡಿಸಿ ಆಜ್ಞೆ ಹೊರಡಿಸಿದ. ಬಿಡುಗಡೆ ಆಯಿತು ಅಂದುಕೊಳ್ಳಬೇಡಿ. 1771ರಲ್ಲಿ ಅವನ ಮಗನ ಆಳ್ವಿಕೆಯಲ್ಲಿ ಇನ್ನೊಂದು ಕಟ್ಟಳೆ ಬಂತು: ಹಳೆ ಕಸುಬು ಬಿಟ್ಟೆ ಅಂತ ಸರ್ಕಾರಕ್ಕೆ ಹೇಳಿಕೊಂಡವನಿಂದ ಎಣಿಸಿ ನಾಲ್ಕನೇ ತಲೆಮಾರು ಬರಬೇಕು, ಅಷ್ಟೂ ತಲೆಮಾರು 'ಶುದ್ಧ'ವಾಗಿ ಬಾಳಿರಬೇಕು, ಆಮೇಲೆ ಪರೀಕ್ಷೆಯ ಮಾತು. ನಾವು ಮೊದಲ ತಲೆಮಾರಿನ ಪದವೀಧರರು. ಆ ಲೆಕ್ಕದಲ್ಲಿ ನಮ್ಮ ಮರಿಮಕ್ಕಳು ಪರೀಕ್ಷೆಯ ಹಾಲಿನ ಬಾಗಿಲು ನೋಡಬೇಕಿತ್ತು.

ಅಲ್ಲಿಯದನ್ನು ತಂದು ನಮ್ಮ ಜಾತಿಗೆ ಅಂಟಿಸಿ ಎರಡೂ ಒಂದೇ ಅನ್ನುವುದು ಸೋಮಾರಿತನ. ನಮ್ಮಲ್ಲಿದ್ದಂತೆ ಊರೂರಿಗೂ ಒಂದು ಹೊರಗೇರಿ, ಅದಕ್ಕೊಂದು ಶಾಸ್ತ್ರದ ಮುದ್ರೆ ಅಲ್ಲಿರಲಿಲ್ಲ. ಆದರೂ ಬರೆಯುವ ಸಲಕರಣೆಗೆ ಕಾವಲು ಹಾಕಿದ ರೀತಿಯಲ್ಲಿ ಎರಡು ದೇಶದ ಪಂಡಿತರೂ ಅಣ್ಣತಮ್ಮಂದಿರಂತೆ ಕಾಣುತ್ತಾರೆ. ಆ ಪರೀಕ್ಷೆಯನ್ನು 1905ರಲ್ಲಿ ರದ್ದು ಮಾಡಿದರು. ಕುಂಚದ ಗತ್ತು ಮಾತ್ರ ಉಳಿಯಿತು.

ಅಷ್ಟರಲ್ಲಿ ಅಮೆರಿಕದಿಂದ, ಯುರೋಪಿನಿಂದ ಇಂಕ್ ಪೆನ್ನು ಬಂದಿತ್ತು. 1884ರಲ್ಲಿ ನ್ಯೂಯಾರ್ಕಿನ ವಾಟರ್‌ಮನ್ ಪೇಟೆಂಟ್ ಪಡೆದ ಪೆನ್ನಿನಲ್ಲಿ ಇಂಕು ತೊಟ್ಟಿಕ್ಕದೆ ಹದವಾಗಿ ಇಳಿಯುವ ಉಪಾಯ ಸಿಕ್ಕಿತ್ತು. ಚೀನಾದ ಶಾಲೆ-ಕಾಲೇಜಿನ ಹುಡುಗರು ಅದನ್ನು ಹಿಡಿದರು. ಹಿಡಿದ ಕೂಡಲೇ ಸಂಸ್ಕೃತಿ ಕಾಯುವವರಿಗೆ ಹೊಟ್ಟೆಯುರಿ. ದಕ್ಷಿಣದ ಪ್ರಾಂತ್ಯಗಳಲ್ಲಿ ಮಕ್ಕಳು ಪರದೇಶದ ಪೆನ್ನು, ಮಸಿ ಬಳಸಬಾರದು ಅಂತ ಹೊರಟ ಅಪ್ಪಣೆಯ ಹಿನ್ನೆಲೆಯಲ್ಲಿ 1934ರಲ್ಲಿ ಲು ಶುನ್ ಒಂದು ಸಣ್ಣ ಲೇಖನ ಬರೆದ. ಅದರ ಸಾರ ಇಷ್ಟು. ಬಿಡುವಿರುವವನು ನಿಧಾನಕ್ಕೆ ಕಲ್ಲು ಒರೆಸಿ, ಮಸಿ ತೇಯ್ದು ಕುಂಚ ಆಡಿಸಿದರೆ ಅದೇನು ಕೆಟ್ಟದ್ದಲ್ಲ. ಆದರೆ ಬೇಗ ಬೇಗ ಬಹಳ ಬರೆಯಬೇಕಾದವನಿಗೆ ಅದರಿಂದ ಆಗದು. ಪ್ರಶ್ನೆ ಸಂಸ್ಕೃತಿಯದಲ್ಲ, ಹೊತ್ತಿನದು. ನಿಷೇಧ ಮಾಡುವ ಬದಲು ನಾವೇ ಯಾಕೆ ಒಳ್ಳೆಯ ಪೆನ್ನು, ಒಳ್ಳೆಯ ಮಸಿ ಮಾಡಬಾರದು? ಲು ಶುನ್ ತಾನು ಚೆಂದದ ಕುಂಚದಕ್ಷರದವನು, ಅವನ ಹಸ್ತಪ್ರತಿಗಳು ಬಹುಮಟ್ಟಿಗೆ ಕುಂಚದವೇ. ಅವನು ಹುಟ್ಟಿದ ಶಾವ್‌ಶಿಂಗ್ ಊರಿನಲ್ಲೇ ಆ ಡುವೊಮಿನ್ ಜನ ಇದ್ದರು, ಅವರ ಬಗ್ಗೆಯೂ ಅವನು ಬರೆದಿದ್ದಾನೆ. ತನ್ನ ಕೈಯ ಅಭ್ಯಾಸವನ್ನು ದೇಶದ ಧರ್ಮ ಅಂತ ಸಾರದಷ್ಟು ಪ್ರಾಮಾಣಿಕತೆ ಅವನಿಗಿತ್ತು. ನಮ್ಮಲ್ಲಿ ಅದು ಎಷ್ಟು ಪಂಡಿತರಿಗಿತ್ತು, ಎಣಿಸಿ ನೋಡಿ.

ಪೆನ್ನು ಮಾಡುವ ಕೆಲಸ ಆಗಲೇ ಶಾಂಘೈಯಲ್ಲಿ ಶುರುವಾಗಿತ್ತು. 1931ರ ಸೆಪ್ಟೆಂಬರ್ 18ರಂದು ಜಪಾನೀ ಸೈನ್ಯ ಮಂಚೂರಿಯಕ್ಕೆ ಕೈಹಾಕಿತು. ಊರೂರಲ್ಲಿ ಜಪಾನಿನ ಸಾಮಾನು ಬೇಡ, ದೇಶದ ಸಾಮಾನು ಕೊಳ್ಳಿ ಅನ್ನುವ ಕೂಗು ಎದ್ದಿತು. ಅದೇ ವರ್ಷ ಝೋ ಜಿಂಗ್‌ಟಿಂಗ್ ಅನ್ನುವ ವ್ಯಾಪಾರಿ ಶಾಂಘೈಯಲ್ಲಿ ಹ್ವಾಫು ಅನ್ನುವ ಪೆನ್ನಿನ ಕಾರ್ಖಾನೆ ತೆಗೆದ. ನಮ್ಮ ಹೀರೋ ಪೆನ್ನಿನ ಮೂಲಪುರುಷ ಇದೇ ಕಾರ್ಖಾನೆ. ಕ್ರಾಂತಿಯ ನಂತರ, 1950ರ ದಶಕದ ನಡುವಿನಲ್ಲಿ, ಉಳಿದ ಖಾಸಗಿ ಕಾರ್ಖಾನೆಗಳ ಹಾಗೆ ಇದೂ ಸರ್ಕಾರದ ಪಾಲುದಾರಿಕೆಗೆ ಬಂತು. 1966ರಲ್ಲಿ ಕಾರ್ಖಾನೆಯ ಹೆಸರೇ ಹೀರೋ ಆಯಿತು.

ನಡುವಿನ ಆ ವರ್ಷಗಳು ನಮ್ಮ ಕಥೆಗೆ ಮುಖ್ಯ. 1949ರಲ್ಲಿ ಚೀನಾದ ನೂರು ಜನರಲ್ಲಿ ಸುಮಾರು ಎಂಬತ್ತು ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ಹೊಸ ಸರ್ಕಾರ ರೈತರಿಗೆ, ಕೂಲಿಕಾರರಿಗೆ ರಾತ್ರಿ ಶಾಲೆ, ಚಳಿಗಾಲದ ಶಾಲೆ ನಡೆಸಿತು. ಗೀರು ಗೀರಿನ ಕಷ್ಟದ ಅಕ್ಷರಗಳನ್ನು ಸರಳ ಮಾಡುವ ಯೋಜನೆ 1956ರಲ್ಲಿ ಬಂತು. ಅಕ್ಷರ ಕಲಿತ ಕೋಟಿಗಟ್ಟಲೆ ಕೈಗೆ ಏನು ಕೊಡುತ್ತೀರಿ? ಪ್ರತಿಯೊಬ್ಬನೂ ಕಲ್ಲಿನ ಮೇಲೆ ಮಸಿ ತೇಯುತ್ತ ಕೂರುವಂತಿಲ್ಲ. ಅಗ್ಗದ, ಗಟ್ಟಿಯ, ಜೇಬಿನಲ್ಲಿ ಹೋಗುವ ಪೆನ್ನು ಬೇಕಿತ್ತು.

1958ರ 'ಮಹಾ ಜಿಗಿತ'ದ ಕಾಲದಲ್ಲಿ ಹ್ವಾಫು ಕಾರ್ಖಾನೆಯ ಕೆಲಸಗಾರರು ಪಾರ್ಕರನ್ನು ಹಿಡಿದು ಹಿಂದೆ ಹಾಕ್ತೀವಿ ಅಂತ ಪಣ ತೊಟ್ಟರು. ಪಾರ್ಕರ್ ಅಂದರೆ ಆಗ ಪಾರ್ಕರ್ 51. ಅಮೆರಿಕದಲ್ಲಿ 1941ರಲ್ಲಿ ಪೇಟೆಗೆ ಬಂದ ಪೆನ್ನು, ಮೊದಲಿಗೆ ಅದರ ಬೆಲೆ ಹನ್ನೆರಡೂವರೆ ಡಾಲರ್. 1945ರ ಮೇ 7ರಂದು ಫ್ರಾನ್ಸಿನ ರೀಮ್ಸ್ ಊರಿನಲ್ಲಿ ಜರ್ಮನಿ ಶರಣಾಗತಿಗೆ ರುಜು ಹಾಕಿದ್ದು ಇದೇ ಜಾತಿಯ ಪೆನ್ನಿನಿಂದ, ಆಮೇಲೆ ಸೇನಾಪತಿ ಐಸೆನ್‌ಹೋವರ್ ಅವುಗಳನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡ. ಅಂಥ ಪೆನ್ನನ್ನು ಬಿಚ್ಚಿ, ಅಳೆದು, ನೋಡಿ, ಕಲಿತು ಶಾಂಘೈಯವರು ಮಾಡಿದ್ದು ಹೀರೋ 100. ಈ ಪೈಪೋಟಿಯ ಮೇಲೆ 1960ರಲ್ಲಿ ಒಂದು ಸಿನಿಮಾ ಕೂಡ ಬಂತು. ಪೆನ್ನನ್ನು ಕಥಾನಾಯಕ ಮಾಡಿದ ಸಿನಿಮಾ ಲೋಕದಲ್ಲಿ ಇನ್ನೆಷ್ಟಿವೆಯೋ!

ಇಷ್ಟು ಹೇಳಿ ಕೆಂಪು ಬಾವುಟ ಬೀಸಿ ಮುಂದೆ ಹೋಗುವುದು ಸುಲಭ. ಹಾಗೆ ಮಾಡಬಾರದು. ಅದೇ ಮಹಾ ಜಿಗಿತದ ಹೆಸರಲ್ಲಿ ಹಳ್ಳಿಗಳ ಧಾನ್ಯವನ್ನು ಕಿತ್ತು, ಸುಳ್ಳು ಇಳುವರಿಯ ಲೆಕ್ಕ ಬರೆದು, 1959ರಿಂದ 1961ರವರೆಗೆ ಚೀನಾ ಕಂಡ ಬರಗಾಲದಲ್ಲಿ ಸತ್ತವರು ಕೋಟಿಗಟ್ಟಲೆ ಜನ. ಒಂದೂವರೆ ಕೋಟಿ ಅನ್ನುವವರಿದ್ದಾರೆ, ನಾಲ್ಕೂವರೆ ಕೋಟಿ ಅನ್ನುವವರಿದ್ದಾರೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಗರು. ಪೆನ್ನು ಪಾರ್ಕರನ್ನು ಹಿಡಿಯುತ್ತಿದ್ದ ಅದೇ ದಿನಗಳಲ್ಲಿ ಕಮ್ಯೂನಿನ ಲೆಕ್ಕದ ಪುಸ್ತಕದಲ್ಲಿ ಪೆನ್ನು ಸುಳ್ಳನ್ನೂ ಬರೆಯುತ್ತಿತ್ತು. ಇಳುವರಿ ಇಲ್ಲದ ಗದ್ದೆಗೆ ಇಳುವರಿ ಬರೆಯುವ ವಿದ್ಯೆ ನಮ್ಮ ಊರಿನ ಹಳೇ ಶಾನುಭೋಗರಿಗೂ ಗೊತ್ತಿತ್ತು.

ಇನ್ನು ನಕಲಿನ ಮಾತಿಗೆ ಬರೋಣ. ಪಾರ್ಕರ್ 51ರ ಜಾಣ್ಮೆ ಅದರ ನಿಬ್ಬಿನಲ್ಲಿದೆ. ಬೇರೆ ಪೆನ್ನುಗಳಲ್ಲಿ ನಿಬ್ಬು ಎಲೆಯ ಹಾಗೆ ಹೊರಗೆ ಚಾಚಿರುತ್ತದೆ. ಇದರಲ್ಲಿ ನಿಬ್ಬು ಮೂತಿಯೊಳಗೆ ಹುದುಗಿ ತುದಿಯ ಚೂರು ಮಾತ್ರ ಕಾಣುತ್ತದೆ, ಮಳೆಗೆ ಗೊಪ್ಪೆ ಹೊದ್ದ ಆಳಿನ ಮೂಗು ಕಂಡ ಹಾಗೆ. ಗಾಳಿ ತಾಕುವುದು ಕಮ್ಮಿ, ಇಂಕು ಒಣಗುವುದು ಕಮ್ಮಿ. ಬೇಗ ಒಣಗುವ ಇಂಕಿಗಾಗಿ ಪಾರ್ಕರ್‌ನವರು ಈ ಉಪಾಯ ಹೂಡಿದ್ದರು. ಹೀರೋ 616ರಲ್ಲೂ ಅದೇ ಗೊಪ್ಪೆ, ಆದರೆ ಒಳಗೆ ಚಿನ್ನದ ಬದಲು ಉಕ್ಕಿನ ನಿಬ್ಬು. ಚಿನ್ನ ತೆಗೆದು ಉಕ್ಕು ಹಾಕಿದ ಜಾಗದಲ್ಲಿ ಬೆಲೆ ಇಳಿಯಿತು, ಬೆಲೆ ಇಳಿದದ್ದರಿಂದ ಅದು ಮೇಷ್ಟ್ರ ಜೇಬಿಗೆ ಬಂತು. ನಮಗೆ ಕಾಣುವ ಹಾಗೆ ಈ ನಕಲಿನಲ್ಲಿ ಅಸಲು ಇರುವುದೇ ಇಲ್ಲಿ. ಐಸೆನ್‌ಹೋವರನ ಜೇಬಿನ ಸಾಮಾನು ಚೀನಾದ ಹಳ್ಳಿ ಮೇಷ್ಟ್ರಿಗೆ ಸಿಗಬೇಕಾದರೆ ಯಾರಾದರೂ ಅದನ್ನು ನಕಲು ಮಾಡಲೇಬೇಕಿತ್ತು. ಆ ಹೀರೋ ಪೆನ್ನಿಗೂ ಆಮೇಲೆ ನಕಲು ಹುಟ್ಟಿದವು. ಪೇಟೆಯಲ್ಲಿ ಸುಳ್ಳು ಹೀರೋಗಳು ಎಷ್ಟು ತುಂಬಿವೆ ಅಂದರೆ ನಮ್ಮ ಎರಡರಲ್ಲಿ ಒಂದು ಯಾವ ಮನೆಯದು ಅನ್ನುವುದರ ಬಗ್ಗೆ ಗೆಳೆಯರಲ್ಲೇ ಜಗಳವಿದೆ. ಬರೆಯುವುದರಲ್ಲಿ ಮಾತ್ರ ಅದೇ ಮೇಲು.

ಇದನ್ನು ತುಂಬಿಸುವುದು ಹೀಗೆ. ಹಿಂದಿನ ಕೊಳವೆ ತಿರುಗಿಸಿ ತೆಗೆದರೆ ಒಳಗೆ ಲೋಹದ ಗೂಡು, ಅದರಲ್ಲಿ ಮೆತ್ತನೆ ಚೀಲ. ಮೂತಿಯನ್ನು ಇಂಕಿನ ಬಾಟ್ಲಿಯಲ್ಲಿ ಮುಳುಗಿಸಿ ಪಟ್ಟಿಯನ್ನು ನಾಲ್ಕೈದು ಸಲ ಒತ್ತಿ ಬಿಡಬೇಕು. ಒತ್ತಿದಾಗ ಗಾಳಿ ಗುಳುಗುಳು ಅಂತ ಹೊರಗೆ, ಬಿಟ್ಟಾಗ ಇಂಕು ಒಳಗೆ. ಇಂಕು ನಿಬ್ಬಿಗೆ ಇಳಿಯುವುದು ಕೇಶಾಕರ್ಷಣೆಯಿಂದ, ಅಂದರೆ ದೀಪದ ಬತ್ತಿಗೆ ಎಣ್ಣೆ ತಾನಾಗಿ ಏರುವ ಗುಣದಿಂದ. ನಿಬ್ಬಿನ ಕೆಳಗಿನ ಸಣ್ಣ ಕಾಲುವೆಯಲ್ಲಿ ಇಂಕು ಇಳಿಯುತ್ತಿದ್ದ ಹಾಗೆ ಅಷ್ಟೇ ಗಾಳಿ ಮೇಲೆ ಹೋಗಬೇಕು. ಈ ಕೊಡು-ಕೊಳ್ಳುವಿಕೆ ಕೆಟ್ಟರೆ ಪೆನ್ನು ಒಂದೋ ಉಪವಾಸ, ಇಲ್ಲವೇ ವಾಂತಿ. ನಾವು ಹಾಕುವುದು ಬೆಂಗಳೂರಿನ ಬ್ರಿಲ್ ಇಂಕು. ಪರದೇಶದ ಬಣ್ಣದ ಇಂಕುಗಳಿಗೆ ಪೆನ್ನಿಗಿಂತ ಬೆಲೆ ಜಾಸ್ತಿ. ಸೊಸೈಟಿಯಲ್ಲಿ ಸಿಗುವ ತೆಳು ನೋಟುಬುಕ್ಕಿನಲ್ಲಿ ಬರೆದರೆ ಕೆಲವು ಪೆನ್ನಿನ ಇಂಕು ಬೇರು ಬಿಟ್ಟ ಹಾಗೆ ಹರಡುತ್ತದೆ. ಚೀನಾದ ನಿಬ್ಬು ಸಣ್ಣದು, ಚಿಕ್ಕ ಚೌಕದಲ್ಲಿ ಹತ್ತು ಹದಿನೈದು ಗೀರು ಕೂರಿಸಬೇಕಾದ ಲಿಪಿಗೆ ಹುಟ್ಟಿದ್ದು. ಹಾಗಾಗಿ ಬಡ ಕಾಗದದ ಮೇಲೂ ಅದು ಮಾನ ಕಾಯುತ್ತದೆ. ನಮ್ಮ ಕನ್ನಡದ ಒತ್ತಕ್ಷರಗಳಿಗೂ ಅದು ಒಗ್ಗಿತು. 'ಸ್ತ್ರೀ' ಬರೆದು ನೋಡಿ, ಕೆಳಗಿನ ತ-ಕಾರ, ರ-ಕಾರ ಎರಡೂ ಉಸಿರಾಡುತ್ತವೆ. ಬಾಲ್‌ಪೆನ್ನನ್ನು ಒತ್ತಬೇಕು, ಇದನ್ನು ಒತ್ತಬಾರದು, ಕಾಗದಕ್ಕೆ ಮುಟ್ಟಿಸಿ ನಡೆಸಬೇಕು. ಗುದ್ದಲಿ ಹಿಡಿದ ಕೈಗೆ ಮೊದಲು ಇದು ತಿಳಿಯುವುದಿಲ್ಲ. ಬೇಸಿಗೆ ರಜದಲ್ಲಿ ಕೂಲಿಗೆ ಹೋಗಿ ಬಂದ ಮೊದಲ ದಿನ ನಮ್ಮೆಲ್ಲರ ಅಕ್ಷರವೂ ಕೆಟ್ಟಿರುತ್ತದೆ, ಬೆರಳಿನ ಬೊಬ್ಬೆ ಪೆನ್ನಿನ ನುಣುಪನ್ನು ಒಪ್ಪುವುದಿಲ್ಲ.

ಚೀನಾದಲ್ಲಿ ಈ ಪೆನ್ನು ಅಂಗಿಯ ಎದೆಜೇಬಿಗೆ ಏರಿ ಒಂದು ಗುರುತಾಯಿತು. ಜೇಬಲ್ಲಿ ಪೆನ್ನಿದ್ದವನು ಓದಿದವನು, ಪಕ್ಷದ ಕಾರ್ಯಕರ್ತ. ಒಂದು ಪೆನ್ನಿದ್ದರೆ ಅಷ್ಟು ಓದಿದವ, ಎರಡಿದ್ದರೆ ಇನ್ನೂ ಓದಿದವ, ಅದಕ್ಕೂ ಜಾಸ್ತಿ ಇದ್ದರೆ ಪೆನ್ನು ರಿಪೇರಿಯವ ಅನ್ನುವ ತಮಾಷೆ ಅಲ್ಲಿ ಈಗಲೂ ಉಂಟು. ಆ ಗುರುತೇ ಆಮೇಲೆ ಮುಳುವಾಯಿತು. 1966ರಲ್ಲಿ ಶುರುವಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಓದಿದವರನ್ನು 'ನಾರುವ ಒಂಬತ್ತನೆಯವರು' ಅಂತ ಕರೆದು ಮೇಷ್ಟ್ರುಗಳನ್ನು ಬೀದಿಗೆಳೆದು ಹೊಡೆದರು. ಕಾಲೇಜು ಪ್ರವೇಶದ ಪರೀಕ್ಷೆ ನಿಂತುಹೋಯಿತು. ಹುಟ್ಟಿನಿಂದ ಬಂದ 'ವರ್ಗ'ದ ಚೀಟಿ ಮಕ್ಕಳ ಮೊಮ್ಮಕ್ಕಳ ಕುತ್ತಿಗೆಗೆ ಜೋತುಬಿತ್ತು. ಪಾಳೇಗಾರಿಕೆಯನ್ನು ಸುಡುತ್ತೇವೆ ಅಂದವರೇ ಹುಟ್ಟಿನ ಲೆಕ್ಕ ಹಿಡಿದು ಕೂತದ್ದು ನಾವು ಮರೆಯಬಾರದ ಪಾಠ. 1977ರ ಚಳಿಗಾಲದಲ್ಲಿ ಆ ಪರೀಕ್ಷೆ ಮತ್ತೆ ನಡೆದಾಗ ಗದ್ದೆಯಿಂದ, ಕಾರ್ಖಾನೆಯಿಂದ ಎದ್ದು ಬಂದು ಕೂತವರು 57 ಲಕ್ಷ ಜನ. ಸೀಟು ಸಿಕ್ಕಿದ್ದು ಸುಮಾರು 2 ಲಕ್ಷ 70 ಸಾವಿರ ಜನಕ್ಕೆ.

ಇತ್ತ ನಮ್ಮ ಕಡೆ. ನಮ್ಮ ಜನಕ್ಕೆ ಮೊದಲು ಸಿಕ್ಕ ಇಂಕು ಹೆಬ್ಬೆರಳಿಗೆ ಹಚ್ಚಿದ ಇಂಕು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಹರ್ಷೆಲ್ ಅನ್ನುವ ಬಿಳಿ ಅಧಿಕಾರಿ ಒಬ್ಬ ಗುತ್ತಿಗೆದಾರನ ಅಂಗೈಯನ್ನು ಕರಾರಿನ ಹಿಂದೆ ಒತ್ತಿಸಿದನಂತೆ, ಅಲ್ಲಿಂದ ಬೆರಳಚ್ಚಿನ ವಿದ್ಯೆ ಬೆಳೆಯಿತು. ಆ ವಿದ್ಯೆ ನಮ್ಮ ಕೇರಿಗೆ ಬಂದದ್ದು ಪ್ರೋನೋಟಿನ ರೂಪದಲ್ಲಿ. ತಾತ ಹೆಬ್ಬೆಟ್ಟು ಒತ್ತಿದ, ಮೇಲೆ ಏನು ಬರೆದಿತ್ತು ಅನ್ನುವುದು ಬರೆದವನಿಗೆ ಮಾತ್ರ ಗೊತ್ತು. 1961ರ ಜನಗಣತಿಯಲ್ಲಿ ಇಡೀ ದೇಶದ ಪರಿಶಿಷ್ಟ ಜಾತಿಗಳಲ್ಲಿ ಅಕ್ಷರ ಬಲ್ಲವರು ನೂರಕ್ಕೆ 10.27, ಹೆಂಗಸರಲ್ಲಿ 3.29. ಅದೇ 1961ರಲ್ಲಿ ಮೈಸೂರು ರಾಜ್ಯ ಗ್ರಾಮ ಹುದ್ದೆಗಳ ರದ್ದಿನ ಕಾಯಿದೆ ಮಾಡಿ 1963ರ ಫೆಬ್ರವರಿ 1ರಿಂದ ಜಾರಿಗೆ ತಂದಿತು. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ಹೋಯಿತು. ಬಿಟ್ಟಿಚಾಕರಿಯ ತೋಟಿಕೆ, ತಳವಾರಿಕೆಯೂ ಹೋಯಿತು. ಆದರೆ ಆ ಚಾಕರಿಗೆ ಬಿಟ್ಟಿದ್ದ ತುಂಡು ಇನಾಮು ಜಮೀನನ್ನು ಮತ್ತೆ ತಮ್ಮ ಹೆಸರಿಗೆ ಮಂಜೂರು ಮಾಡಿಸಿಕೊಳ್ಳಲು ಕಚೇರಿಗೆ ಅಲೆಯಬೇಕಿತ್ತು. ಕಚೇರಿ ಅಂದರೆ ಕಾಗದ, ಕಾಗದ ಅಂದರೆ ಪೆನ್ನು. ಪೆನ್ನು ಯಾರ ಜೇಬಲ್ಲಿತ್ತು?

ಚೀನಾದ ಪೆನ್ನು ಕದ್ದುಮುಚ್ಚಿ ಬಂದದ್ದು ಇಂಥ ಹೊತ್ತಿನಲ್ಲೇ. 1962ರ ಯುದ್ಧದ ನಂತರ ಎರಡು ದೇಶಗಳ ವ್ಯಾಪಾರ ನಿಂತಿತ್ತು. 1970ರ ದಶಕದ ಕೊನೆಯಲ್ಲಿ ಮತ್ತೆ ಶುರುವಾದರೂ ಬಳಕೆ ಸಾಮಾನಿನ ಆಮದಿನ ಮೇಲೆ ನಮ್ಮ ಸರ್ಕಾರದ ಬಿಗಿ ಹಿಡಿತ 2001ರ ಏಪ್ರಿಲ್ 1ರವರೆಗೂ ಪೂರ್ತಿ ಸಡಿಲಲಿಲ್ಲ. ಆದ್ದರಿಂದ ಹೀರೋ ಪೆನ್ನು ನೇಪಾಳದ ದಾರಿಯಲ್ಲಿ, ಮದರಾಸಿನ ಬರ್ಮಾ ಬಜಾರಿನಂಥ ಪೇಟೆಗಳಲ್ಲಿ, ಕೊಲ್ಲಿ ದೇಶದಿಂದ ಬಂದವರ ಪೆಟ್ಟಿಗೆಯಲ್ಲಿ 'ಫಾರಿನ್ ಪೆನ್ನು' ಆಗಿ ಬಂತು. ಶತ್ರು ದೇಶದ ಪೆನ್ನು ಅಂತ ಯಾವ ದೇಶಭಕ್ತ ಗೌಡರೂ ಅದನ್ನು ಜೇಬಿನಿಂದ ತೆಗೆದು ಎಸೆದದ್ದನ್ನು ನಮ್ಮ ಹಿರಿಯರು ಕಂಡಿಲ್ಲ.

ಕಂಡದ್ದು ಬೇರೆ. ಕೇರಿಯ ಹುಡುಗ ಜೇಬಿಗೆ ಪೆನ್ನು ಸಿಗಿಸಿಕೊಂಡು ಊರೊಳಗೆ ಬಂದರೆ ಜಗಲಿ ಮೇಲಿಂದ ಬರುತ್ತಿದ್ದ ಮಾತು ನಮ್ಮ ಅಪ್ಪಂದಿರಿಗೆ ಈಗಲೂ ಬಾಯಿಪಾಠ: "ಏನ್ಲಾ, ಪೆನ್ನು ಸಿಗಾಕ್ಕಂಡು ಬಂದ್ಬುಟ್ಟಿದ್ದೀಯ, ನನ್ ಜಮೀನ್ ಬರುಸ್ಕಳಕ್ಕೇನ್ಲಾ?" "ಇಲ್ಲ ಬುದ್ಧಿ, ಪರೀಕ್ಸೆ ಐತೆ." ಜೇಬಿನ ಪೆನ್ನನ್ನು ತೆಗೆದು ಚಡ್ಡಿಯ ಜೇಬಿಗೆ ಹಾಕಿ ಊರು ದಾಟಿ, ಶಾಲೆಯ ಹತ್ತಿರ ಮತ್ತೆ ಎದೆಗೆ ಏರಿಸಿಕೊಳ್ಳುತ್ತಿದ್ದವರಿದ್ದಾರೆ. ಅದು ಹೀರೋ ಅಲ್ಲ, ಅತಿ ಅಗ್ಗದ ಪ್ಲಾಸ್ಟಿಕ್ ಪೆನ್ನು, ಸೋರಿ ಚಡ್ಡಿಯೆಲ್ಲ ನೀಲಿ. ಇಂಕು ಮುಗಿದರೆ ಪಕ್ಕದವನಿಂದ ನಾಲ್ಕು ತೊಟ್ಟು ಸಾಲ. ಪಕ್ಕದವನು ಮೇಲು ಜಾತಿಯವನಾದರೆ ಡೆಸ್ಕಿನ ಮೇಲೆ ತೊಟ್ಟಿಕ್ಕಿಸುತ್ತಿದ್ದ, ಇವನು ಅಲ್ಲಿಂದ ಹೀರಿಕೊಳ್ಳಬೇಕು. ನೀರು ಎತ್ತಿ ಹೊಯ್ಯುವ ಪದ್ಧತಿ ಇಂಕಿಗೂ ಬಂದಿತ್ತು. ನೀಲಿ ಕೋಟಿನ ಬಾಬಾಸಾಹೇಬರ ಪ್ರತಿಮೆಗೆ ಜೇಬಿನಲ್ಲಿ ಪೆನ್ನಿರಲೇಬೇಕು ಅಂತ ನಮ್ಮ ಜನ ಹಟ ಹಿಡಿಯುವುದರ ಅರ್ಥ ಗೊತ್ತಾಗದವರು ಇದನ್ನು ಕೇಳಬೇಕು.

ಈಗ ಪೆನ್ನು ಅಗ್ಗ. ಜಿನ್‌ಹಾವ್ ಅನ್ನುವ ಚೀನೀ ಕಂಪನಿಯ ಒಂದು ಪೆನ್ನು ಜರ್ಮನಿಯ ಮೋಂಬ್ಲಾಂಕಿನ ದಪ್ಪ ಪೆನ್ನಿನ ಹಾಗಿದೆ, ಇನ್ನೊಂದು ಲಾಮಿಯ ಹಾಗೆ. ಹ್ವಾಫು ಕಾರ್ಮಿಕರ ಪಣಕ್ಕೂ ಈ ನಕಲಿಗೂ ವ್ಯತ್ಯಾಸ ಇದೆ ಅಂತ ನಮಗೆ ಅನಿಸುತ್ತದೆ. ಅಲ್ಲಿ ಕಲಿಯುವ ಹಟ ಇತ್ತು, ಇಲ್ಲಿ ಇರುವುದು ಬಹುಮಟ್ಟಿಗೆ ಪೇಟೆಯ ಲೆಕ್ಕ. ಜಿಯಾಂಗ್‌ಶಿ ಪ್ರಾಂತ್ಯದಲ್ಲಿ ವೆನ್‌ಗಾಂಗ್ ಅನ್ನುವ ಊರಿದೆ. ತಲೆತಲಾಂತರದಿಂದ ಕುಂಚ ಕಟ್ಟುವವರ ಊರು ಅದು, ಈಗ ಅಲ್ಲಿ ಇಂಕ್ ಪೆನ್ನೂ ತಯಾರಾಗುತ್ತದೆ. ಪಂಡಿತನಿಗೆ ಕುಂಚ ಕಟ್ಟಿದವರ ಊರಿನಿಂದಲೇ ಲೋಕಕ್ಕೆಲ್ಲ ಪೆನ್ನು ಹೋಗುತ್ತಿದೆ ಅಂತ ಓದಿದಾಗ ನಮಗೆ ಒಂಥರಾ ಖುಷಿಯಾಯಿತು.

ಖುಷಿಯ ಬೆನ್ನಿಗೇ ಇನ್ನೊಂದು ಪ್ರಶ್ನೆ. ಒಂದು ದಿನದ ಕೂಲಿಯೊಳಗೆ ಸಮುದ್ರ ದಾಟಿ ಬರುವ ಪೆನ್ನಿನಲ್ಲಿ ಅದನ್ನು ಜೋಡಿಸಿದ ಕೈಗೆ ಎಷ್ಟು ಸಿಕ್ಕಿರುತ್ತದೆ? ಚೀನಾದಲ್ಲಿ 1958ರಿಂದ 'ಹುಕೋವ್' ಅನ್ನುವ ನೋಂದಣಿ ಪದ್ಧತಿ ಇದೆ. ಹಳ್ಳಿಯಲ್ಲಿ ನೋಂದಾದವನು ಪಟ್ಟಣದಲ್ಲಿ ಹತ್ತು ವರ್ಷ ದುಡಿದರೂ ಅಲ್ಲಿಯವನಾಗುವುದು ಕಷ್ಟ. ಅವನ ಮಕ್ಕಳು ಕಾಲೇಜು ಪ್ರವೇಶದ ಪರೀಕ್ಷೆ ಬರೆಯಲು ಸಾಮಾನ್ಯವಾಗಿ ನೋಂದಣಿಯ ಊರಿಗೇ ವಾಪಸು ಹೋಗಬೇಕು. ಕೋಟ್ಯಂತರ ಮಕ್ಕಳು ಅಪ್ಪ-ಅವ್ವನನ್ನು ಬಿಟ್ಟು ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಾರೆ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದ ರಾಯಚೂರು, ಯಾದಗಿರಿ ಕಡೆಯವರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ವಲಸೆ ದುಡಿಮೆಗಾರರ ನಡುವಿನಿಂದಲೇ ಕವಿಗಳೂ ಹುಟ್ಟಿದ್ದಾರೆ. ಸಿಚುವಾನ್ ಹಳ್ಳಿಯಿಂದ ಬಂದು ದೋಂಗ್‌ಗ್ವಾನಿನ ಕಬ್ಬಿಣ ಸಾಮಾನಿನ ಕಾರ್ಖಾನೆಯಲ್ಲಿ ದುಡಿಯುತ್ತ ಕಬ್ಬಿಣದ ಬಗ್ಗೆಯೇ ಬರೆದ ಝೆಂಗ್ ಶಿಯಾವ್‌ಚಿಯೋಂಗ್ ಅನ್ನುವ ಹೆಣ್ಣುಮಗಳು 2007ರಲ್ಲಿ ದೊಡ್ಡ ಸಾಹಿತ್ಯ ಪ್ರಶಸ್ತಿ ಪಡೆದಳು. ಪ್ರಶಸ್ತಿ ಬಂದ ಮಾತ್ರಕ್ಕೆ ಕಾರ್ಖಾನೆಯ ಪಾಳಿ ಯಾರಿಗೂ ಕಮ್ಮಿಯಾಗಲಿಲ್ಲ. ಅವಳ ಓರಗೆಯವರು ಹಾಕಿದ ನಿಬ್ಬಿನಲ್ಲೇ ನಾವು ಈ ಸಾಲು ಬರೆಯುತ್ತಿರಬಹುದು.

2020ರ ಜೂನಿನಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಸತ್ತ ಮೇಲೆ ಚೀನಾ ಮಾಲು ಬೇಡ ಅನ್ನುವ ಕೂಗೆದ್ದಿತು. ಸತ್ತವರ ಮನೆಯ ದುಃಖ ನಮ್ಮದೂ ಹೌದು. ಸೈನ್ಯಕ್ಕೆ ಸೇರುವ ಬಡವರ ಮಕ್ಕಳು ನಮ್ಮ ಓಣಿಯವರೇ. ಅದೇ ವರ್ಷದ ನವೆಂಬರಿನಲ್ಲಿ, ಚೀನಾದಿಂದ ನೇರ ಪೆನ್ನು ತರಿಸಿಕೊಳ್ಳುತ್ತಿದ್ದ ಅಲಿ ಎಕ್ಸ್‌ಪ್ರೆಸ್ ಅನ್ನುವ ಆ್ಯಪನ್ನು ಸರ್ಕಾರ ನಿಷೇಧಿಸಿತು. ಪೇಟೆಯಲ್ಲಿ ಕೆಲವರು ಪೆನ್ನು, ಆಟಿಕೆ, ಪಟಾಕಿ ತಂದು ರಸ್ತೆಯಲ್ಲಿ ಸುಟ್ಟರು. ಅದನ್ನು ಹಿಡಿದ ವಿಡಿಯೋದ ಫೋನು ಎಲ್ಲಿಯದು ಅಂತ ಕೇಳಲು ಹೋಗಬೇಡಿ. ದೊಡ್ಡ ದೊಡ್ಡ ಯಂತ್ರಗಳ ಆಮದು ನಿಲ್ಲಲಿಲ್ಲ. ಸುಟ್ಟದ್ದು ಬಡವನ ಕೈಗೆ ಎಟಕುವ ಸಾಮಾನು ಮಾತ್ರ.

ನಮ್ಮ ಗೆಳೆಯನೊಬ್ಬ ಈಗ ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುತ್ತಾನೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾದರೆ ವಾಪಸು ಕೊಡಿಸುವ 1978ರ ಕಾಯಿದೆಯ ಕೆಳಗೆ ಉಪವಿಭಾಗಾಧಿಕಾರಿಗೆ ಹೋಗುವ ಅರ್ಜಿಗಳೇ ಹೆಚ್ಚು. ಟೈಪು ಮಾಡಿಸಬಹುದು, ಆದರೆ ಮೊದಲ ಕರಡನ್ನು ಅವನು ಹೀರೋ ಪೆನ್ನಿನಲ್ಲೇ ಬರೆದು, ಬಂದವರಿಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೆ ಟೈಪಿಗೆ ಕೊಡುತ್ತಾನೆ. ಸಂಜೆ ಕೇರಿಯ ಸಮುದಾಯ ಭವನದಲ್ಲಿ ಏಳನೇ ಕ್ಲಾಸಿನಿಂದ ಹತ್ತರವರೆಗಿನ ಮಕ್ಕಳಿಗೆ ಪಾಠ. ಹೋದ ಜೂನಿನಲ್ಲಿ ನಾವು ಚಂದಾ ಎತ್ತಿ ಹತ್ತು 616 ಪೆನ್ನು, ಎರಡು ಬಾಟ್ಲಿ ಬ್ರಿಲ್ ತಂದೆವು. ಅಗ್ಗದ ಮಾಲಿಗೆ ಅಗ್ಗದ ಗುಣ, ಹತ್ತರಲ್ಲಿ ಮೂರು ಸೋರಿದವು. ಎರಡನ್ನು ಬಿಚ್ಚಿ ಉಗುರುಬೆಚ್ಚನೆ ನೀರಲ್ಲಿ ತೊಳೆದು ಸರಿಮಾಡಿದೆವು. ಮೂರನೆಯದು ಏನು ಮಾಡಿದರೂ ಕೇಳಲಿಲ್ಲ. ಅದನ್ನು ಮಕ್ಕಳಿಗೆ ಕೊಡುವುದು ಬೇಡ ಅಂತ ಗೆಳೆಯನೇ ಇಟ್ಟುಕೊಂಡಿದ್ದಾನೆ. ಹಾಜರಿ ಪುಸ್ತಕದ ತುಂಬ ಅವನ ನೀಲಿ ಹೆಬ್ಬೆಟ್ಟು.